ಡಿಶ್ ಬದಲಾಯಿಸಿದರೆ ಸಾಕೇ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ — ಈ ನಾಲ್ಕು ಪಟ್ಟಣಗಳ ಯಾವ ಕಾರ್ಮಿಕ ಕೇರಿಗೆ ಹೋದರೂ ಮಾಳಿಗೆಯ ಮೇಲೋ ಶೀಟಿನ ಸೂರಿನ ಅಂಚಿಗೋ ಒಂದು ಡಿಶ್ ಆಕಾಶಕ್ಕೆ ಮುಖ ಮಾಡಿ ನಿಂತಿರುವುದು ಕಾಣುತ್ತದೆ. ರೀಚಾರ್ಜ್ ಮುಗಿದು ಚಿತ್ರ ನಿಂತ ದಿನ ಅಂಥ ಮನೆಗಳಲ್ಲಿ ಏಳುವ ಮಾತು ಒಂದೇ: "ಈ ಕಂಪನಿ ದುಬಾರಿಯಾಯಿತು, ಬೇರೆ ಕಂಪನಿಗೆ ಹೋಗೋಣವೇ?" ಮಿಲ್ಲಿನ ಗೇಟಿನ ಬಳಿ, ಅಂಗಡಿಯ ಕಟ್ಟೆಯ ಮೇಲೆ, ಸಂಘದ ಸಭೆ ಮುಗಿದ ಮೇಲೆ ನಮ್ಮನ್ನೂ ಈ ಪ್ರಶ್ನೆ ಕೇಳುವವರು ಹೆಚ್ಚುತ್ತಿದ್ದಾರೆ.

ಸಮಾಜವಾದಿ ಪತ್ರಿಕೆಯೊಂದು ತನ್ನ ಅಗ್ರಲೇಖನವನ್ನು ಡಿಶ್‌ಗೆ ಕೊಡಬೇಕೇ ಎಂದು ಕೆಲವರು ಮೂಗು ಮುರಿಯಬಹುದು. ಹನ್ನೆರಡು ತಿಂಗಳೂ ತಪ್ಪದೆ ಕೊಡಬೇಕಾದ ಹಣ ಯಾವುದಿದ್ದರೂ ಅದು ಬಾಡಿಗೆಯೇ ಸರಿ. ಯಾವ ಬಾಡಿಗೆಯನ್ನು ಯಾರು, ಯಾವ ಹಕ್ಕಿನಿಂದ ವಸೂಲು ಮಾಡುತ್ತಾರೆ ಎಂದು ಕೇಳುವುದು ನಮ್ಮ ಕೆಲಸ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನು, ಬೆಳಗಿನಿಂದ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನ ನೂಲು ತೆಗೆದವಳು ರಾತ್ರಿ ಅರ್ಧ ಗಂಟೆ ಟಿ.ವಿ. ಮುಂದೆ ಕುಳಿತರೆ ಅದು ಭೋಗವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಮೊದಲು ಬಿಲ್ಲು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಟ್ರಾಯ್ ವ್ಯವಸ್ಥೆಯ ಪ್ರಕಾರ ನಾವು ಕೊಡುವ ಹಣದಲ್ಲಿ ಮೂರು ಪಾಲುಗಳಿವೆ. ಒಂದು, ಚಾನೆಲ್‌ಗಳನ್ನು ಮನೆಗೆ ಮುಟ್ಟಿಸುವುದಕ್ಕೆ ಡಿಶ್ ಕಂಪನಿಯು ಪಡೆಯುವ ನೆಟ್‌ವರ್ಕ್ ಶುಲ್ಕ. ಎರಡು, ನಾವು ಆರಿಸಿಕೊಂಡ ಚಾನೆಲ್‌ಗಳ ಬೆಲೆ. ಮೂರು, ಇವೆರಡರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ.

ಇದರಲ್ಲಿ ಗಮನಿಸಬೇಕಾದದ್ದು ಎರಡನೆಯ ಪಾಲು. ಚಾನೆಲ್‌ನ ಗರಿಷ್ಠ ಬೆಲೆಯನ್ನು ಗೊತ್ತುಮಾಡುವುದು ಡಿಶ್ ಕಂಪನಿಯಲ್ಲ, ಚಾನೆಲ್‌ನ ಒಡೆಯ. ಆ ಬೆಲೆ ಎಲ್ಲ ಡಿಶ್ ಕಂಪನಿಗಳಿಗೂ, ಕೇಬಲ್‌ನವರಿಗೂ ಒಂದೇ ಆಗಿರಬೇಕೆಂಬುದು ನಿಯಮ. ಅದರಲ್ಲಿ ನೂರಕ್ಕೆ ಕನಿಷ್ಠ 20 ರೂಪಾಯಿ ಹಂಚುವವನಿಗೆ ಸಲ್ಲುತ್ತದೆ, ಉಳಿದದ್ದು ಒಡೆಯನಿಗೆ. ಅಂದಮೇಲೆ ನೀವು ನೋಡುವ ಧಾರಾವಾಹಿಯ ಚಾನೆಲ್‌ಗೆ 19 ರೂಪಾಯಿ ಎಂದು ಒಡೆಯನು ಬರೆದಿದ್ದರೆ, ತೆರಿಗೆ ಸೇರಿ 22 ರೂಪಾಯಿ 42 ಪೈಸೆ. ಡಿಶ್ ಕಂಪನಿಯು ತಾನಾಗಿ ರಿಯಾಯಿತಿ ಕೊಟ್ಟ ಹೊರತು, ಡಿಶ್ ಬದಲಾಯಿಸಿದರೂ ಅದು ಅಷ್ಟೇ. ಬದಲಾಗುವುದು ಮುಖ್ಯವಾಗಿ ನೆಟ್‌ವರ್ಕ್ ಶುಲ್ಕ ಮಾತ್ರ. ಅದಕ್ಕೆ ಮೊದಲು ತಿಂಗಳಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆಯ ಮಿತಿಯಿತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನೇ ತೆಗೆದುಹಾಕಿ, ಪೈಪೋಟಿಯೇ ಬೆಲೆಯನ್ನು ಹಿಡಿತದಲ್ಲಿಡುತ್ತದೆಂದು ಕೈತೊಳೆದುಕೊಂಡಿತು. ಆ ಪೈಪೋಟಿ ಎಷ್ಟು ಸಾಚಾ ಎಂಬುದನ್ನು ಮುಂದೆ ನೋಡೋಣ.

ನಮ್ಮ ಸೀಮೆಗೆ ಇನ್ನೊಂದು ವಿಶೇಷ ಹೊರೆಯಿದೆ. ಇಲ್ಲಿ ಅನೇಕ ಮನೆಗಳಲ್ಲಿ ಅಜ್ಜಿಯ ಮಾತು ತೆಲುಗು, ಮಕ್ಕಳ ಶಾಲೆಯ ಪಾಠ ಕನ್ನಡ. ಶಿಡ್ಲಘಟ್ಟದ ರೀಲರುಗಳ ಕೇರಿಗಳಲ್ಲಿ ಇವೆರಡರ ಜೊತೆಗೆ ಉರ್ದು. ಒಂದೇ ಜಗಲಿಯ ಮೇಲೆ ಎರಡು ಮೂರು ಭಾಷೆಗಳು ಕಲಹವಿಲ್ಲದೆ ಬದುಕುವುದು ಈ ನೆಲದ ಹೆಮ್ಮೆ. ಆದರೆ ಕಂಪನಿಗಳ ಪ್ಯಾಕ್‌ಗಳು ಭಾಷೆಗೊಂದರಂತೆ ಕಟ್ಟಿದವು. ಕನ್ನಡದ ಪ್ಯಾಕ್ ಹಾಕಿಸಿದರೆ ಅಜ್ಜಿಗೆ ತೆಲುಗಿಲ್ಲ. ತೆಲುಗಿನದನ್ನು ಹಾಕಿಸಿದರೆ ಮಕ್ಕಳಿಗೆ ಕನ್ನಡವಿಲ್ಲ. ಕೊನೆಗೆ ಎರಡನ್ನೂ ಹಾಕಿಸಿ, ಎರಡರಲ್ಲೂ ಯಾರೂ ನೋಡದ ಚಾನೆಲ್‌ಗಳಿಗೂ ದುಡ್ಡು ತೆರುತ್ತೇವೆ. ಬದನೆಕಾಯಿ ಕೇಳಿದವನಿಗೆ ಕೊಳೆತ ಹಾಗಲಕಾಯಿಯನ್ನೂ ತಕ್ಕಡಿಗೆ ಹಾಕಿ ಕೊಟ್ಟರೆ ಚಿಂತಾಮಣಿಯ ಸಂತೆಯಲ್ಲಿ ಯಾರಾದರೂ ಸುಮ್ಮನಿರುತ್ತಾರೆಯೇ?

ಇದಕ್ಕೆ ನಿಯಮದಲ್ಲೇ ಮದ್ದಿದೆ. ಯಾವ ಚಾನೆಲನ್ನಾದರೂ ಬಿಡಿಯಾಗಿ ಕೊಳ್ಳುವ ಹಕ್ಕು ನೋಡುಗನಿಗಿದೆ. ಚಾನೆಲ್ ಒಡೆಯನು ಕಟ್ಟುವ ಪ್ಯಾಕ್‌ನ ಮೇಲೆ ನೂರಕ್ಕೆ 45ಕ್ಕಿಂತ ಹೆಚ್ಚು ರಿಯಾಯಿತಿ ಕೊಡಕೂಡದೆಂದು 2022ರ ನವೆಂಬರಿನ ತಿದ್ದುಪಡಿ ಹೇಳುತ್ತದೆ. ಇದರ ಅರ್ಥವೇನು? ಬಿಡಿ ಬೆಲೆ ಒಟ್ಟು 100 ರೂಪಾಯಿ ಆಗುವ ಪ್ಯಾಕನ್ನು ಅವನು 55ಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಅದರಲ್ಲಿ ನಿಮಗೆ ಬೇಕಾದ ಚಾನೆಲ್ 19 ರೂಪಾಯಿಯವು ಎರಡೇ ಆದರೆ ಬಿಡಿಯಾಗಿ 38 ರೂಪಾಯಿ ಸಾಕು. ತಿಂಗಳಿಗೆ 17, ವರ್ಷಕ್ಕೆ 204 ರೂಪಾಯಿ ತೆರಿಗೆಯ ಹೊರತಾಗಿಯೇ ಉಳಿಯಿತು. ಹೆಚ್ಚು ಚಾನೆಲ್ ನೋಡುವ ಮನೆಗೆ ಪ್ಯಾಕೇ ಅಗ್ಗವಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಲೆಕ್ಕ ಹಾಕದೆ ತಿಳಿಯುವುದಿಲ್ಲ. ಮಾರುವವನು ಆ ಲೆಕ್ಕವನ್ನು ತಾನಾಗಿ ಹೇಳಿಕೊಡುವುದೂ ಇಲ್ಲ.

ಆದಕಾರಣ ದುಬಾರಿಯೆಂದು ಕಂಪನಿ ಬಿಡುವವರು ಮೊದಲು ಪ್ಯಾಕ್ ಬಿಟ್ಟು ನೋಡಬೇಕು. ಮಳೆ ಬಂದಾಗ ಚಿತ್ರ ಹೋಗುತ್ತದೆಂದು ಬಿಡುವವರಿಗೂ ಒಂದು ಮಾತು: ಈ ಕಂಪನಿಗಳೆಲ್ಲವೂ ಬಳಸುವುದು ಕೆ.ಯು. ಬ್ಯಾಂಡ್ ಎಂಬ ಒಂದೇ ಬಗೆಯ ಅಲೆಗಳನ್ನು. ಜೋರು ಮಳೆಯ ಮುಂದೆ ಅವೆಲ್ಲವೂ ಸೋಲುತ್ತವೆ. ಡಿಶ್ ಸರಿಯಾದ ದಿಕ್ಕಿಗಿದೆಯೇ, ತಂತಿಯ ಕೀಲು ತುಕ್ಕು ಹಿಡಿದಿದೆಯೇ ಎಂದು ನೋಡಿಸದೆ ಕಂಪನಿ ಬದಲಾಯಿಸಿ ಫಲವಿಲ್ಲ.

ಇಷ್ಟಾದರೂ ಬದಲಾಯಿಸಲೇಬೇಕಾದವರು ಇದ್ದಾರೆ. ದೂರು ಕೊಟ್ಟು ವಾರವಾದರೂ ರಿಪೇರಿಯವನು ಬಾರದಿದ್ದರೆ, ಶುಲ್ಕ ಏರುತ್ತಲೇ ಹೋದರೆ, ಬಿಟ್ಟುಹೋಗುವುದು ಗಿರಾಕಿಯ ಹಕ್ಕು. ನಿಜವಾದ ಅನ್ಯಾಯ ಎದುರಾಗುವುದು ಇಲ್ಲಿಯೇ. ಒಂದು ಕಂಪನಿಯ ಸೆಟ್‌ಟಾಪ್ ಬಾಕ್ಸ್ ಇನ್ನೊಂದು ಕಂಪನಿಗೆ ಆಗುವುದಿಲ್ಲ. ಹಣ ಕೊಟ್ಟು ಕೊಂಡ ಬಾಕ್ಸ್ ಕಂಪನಿ ಬಿಟ್ಟ ಮರುದಿನವೇ ಕಸ. ಹೊಸ ಬಾಕ್ಸ್‌ಗೆ ಹೊಸ ಹಣ, ಜೋಡಿಸುವುದಕ್ಕೆ ಮತ್ತಷ್ಟು ಹಣ. ಡಿಶ್‌ನ ದಿಕ್ಕು ಬೇರೆ ಉಪಗ್ರಹಕ್ಕೆ ತಿರುಗಬೇಕಾದದ್ದು ಸಹಜ. ಅದು ಹತ್ತು ನಿಮಿಷದ ಕೆಲಸ. ಆದರೆ ಬಾಕ್ಸ್‌ಗೆ ಬಿದ್ದ ಬೀಗ ಸಹಜವಾದದ್ದಲ್ಲ. ಅದನ್ನು ಮನುಷ್ಯರು ಹಾಕಿದ್ದಾರೆ.

ನಮ್ಮ ಹಿರಿಯರು ರೇಡಿಯೊ ಕೊಂಡ ಕಾಲವನ್ನು ನೆನೆಯಿರಿ. ಬೆಂಗಳೂರು ಆಕಾಶವಾಣಿಗೆ ಒಂದು ರೇಡಿಯೊ, ಸಿಲೋನಿಗೆ ಇನ್ನೊಂದು ರೇಡಿಯೊ ಎಂದು ಯಾರಾದರೂ ಕೊಂಡಿದ್ದರೇ? ಕಿವಿ ತಿರುವಿದರೆ ನಿಲಯ ಬದಲಾಗುತ್ತಿತ್ತು. ಮೊಬೈಲ್ ಫೋನಿನಲ್ಲಿ ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸುವ ಹಕ್ಕು 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೈತ ತಂದ ಲಾಟನ್ನು ಯಾವ ರೀಲರಾದರೂ ಹರಾಜಿನಲ್ಲಿ ಕೂಗಬಹುದು. ಆ ಹರಾಜು ಇರುವುದರಿಂದಲೇ ಬಡ ರೈತನು ಒಬ್ಬ ಸಾಹುಕಾರನ ಬಾಗಿಲಿಗೆ ಕಟ್ಟುಬೀಳದೆ ಉಳಿದಿದ್ದಾನೆ. ಗೂಡಿಗೆ, ಫೋನಿಗೆ, ರೇಡಿಯೊಗೆ ಸಲ್ಲುವ ನ್ಯಾಯವು ಟಿ.ವಿ. ಬಾಕ್ಸ್‌ಗೆ ಏಕೆ ಸಲ್ಲದು?

ಸಲ್ಲಬೇಕೆಂದು ಸರ್ಕಾರವೇ ಬರೆದಿತ್ತು! 2001ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪರವಾನಗಿ ಮಾರ್ಗಸೂಚಿಯಲ್ಲೇ, ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೂ ಹೊಂದುವಂತಿರಬೇಕೆಂಬ ಷರತ್ತಿತ್ತು. ದೇಶದ ಮೊದಲ ಖಾಸಗಿ ಡಿಶ್ ಸೇವೆ ಆರಂಭವಾದದ್ದು 2003ರಲ್ಲಿ. ಅಂದರೆ ಮೊದಲ ಗಿರಾಕಿಗಿಂತ ಮೊದಲೇ ಈ ಹಕ್ಕು ಕಾಗದದಲ್ಲಿ ಹುಟ್ಟಿತ್ತು, ಕಾಗದದಲ್ಲೇ ಸತ್ತಿತು. 2020ರ ಏಪ್ರಿಲಿನಲ್ಲಿ ಟ್ರಾಯ್ ಮತ್ತೆ ಶಿಫಾರಸು ಮಾಡಿತು: ಡಿಶ್ ಬಾಕ್ಸ್‌ಗಳು ಡಿಶ್ ಕಂಪನಿಗಳ ನಡುವೆ, ಕೇಬಲ್ ಬಾಕ್ಸ್‌ಗಳು ಕೇಬಲ್‌ನವರ ನಡುವೆ ಬದಲಾಗಿ ಬಳಸುವಂತಿರಬೇಕು ಎಂದು. ಅಷ್ಟು ವರ್ಷಗಳ ಮೇಲೂ ನಮ್ಮ ಮನೆಗಳ ಬಾಕ್ಸ್‌ಗಳ ಬೀಗ ತೆರೆದಿಲ್ಲ.

ಕಂಪನಿಗಳ ವಾದವನ್ನೂ ಕೇಳೋಣ. "ನಾವು ಬಾಕ್ಸನ್ನು ಅಸಲಿಗಿಂತ ಕಡಿಮೆಗೆ ಕೊಡುತ್ತೇವೆ, ಗಿರಾಕಿ ಬಿಟ್ಟುಹೋದರೆ ನಷ್ಟ ಯಾರಿಗೆ?" ಎನ್ನುತ್ತಾರೆ. ಹಾಗಾದರೆ ಬಾಕ್ಸ್‌ನ ಅಸಲು ಬೆಲೆಯನ್ನು ಬಹಿರಂಗಪಡಿಸಲಿ. ಟಿ.ವಿ. ಮಾರುವ ಅಂಗಡಿಯಲ್ಲೇ ಎಲ್ಲ ಕಂಪನಿಗೂ ಹೊಂದುವ ಬಾಕ್ಸ್ ಸಿಗಲಿ. ನಮ್ಮ ಸಣ್ಣ ವ್ಯಾಪಾರಿಗೂ ನಾಲ್ಕು ಕಾಸು ದಕ್ಕಲಿ. ಅಗ್ಗದ ಬಾಕ್ಸ್ ಕೊಟ್ಟು ಗಿರಾಕಿಯನ್ನು ಕಟ್ಟಿಹಾಕುವುದು, ಮುಂಗಡ ಕೊಟ್ಟು ಜೀತಕ್ಕೆ ಇಟ್ಟುಕೊಳ್ಳುವ ಹಳೆಯ ಉಪಾಯದ ಹೊಸ ವೇಷ.

ಪೈಪೋಟಿಯ ಮಾತು ಬಂತು. 2018ರಲ್ಲಿ ಡಿಶ್ ಟಿ.ವಿ. ಮತ್ತು ವಿಡಿಯೊಕಾನ್ ಡಿ2ಎಚ್ ಒಂದಾದವು. 2008ರಲ್ಲಿ ಬಂದ ರಿಲಯನ್ಸ್ ಬಿಗ್ ಟಿ.ವಿ. ಕೈ ಬದಲಾಗಿ, ಇಂಡಿಪೆಂಡೆಂಟ್ ಟಿ.ವಿ. ಎಂದು ಹೆಸರು ಬದಲಾಗಿ, 2019ರ ಹೊತ್ತಿಗೆ ನಿಂತೇ ಹೋಯಿತು. ಬಾಕ್ಸ್‌ಗಳು ಮಾತ್ರ ಗಿರಾಕಿಗಳ ಮನೆಯಲ್ಲಿ ಉಳಿದವು. ಹಣ ತೆತ್ತು ನೋಡುವ ಡಿಶ್ ಕಂಪನಿಗಳಾಗಿ ಉಳಿದದ್ದು ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿ.ವಿ., ಸನ್ ಡೈರೆಕ್ಟ್ ನಾಲ್ಕೇ. ಇವುಗಳಲ್ಲಿ ಏರ್‌ಟೆಲ್ ಮತ್ತು ಟಾಟಾ ಪ್ಲೇ ಒಂದಾಗುವ ಮಾತುಕತೆ ನಡೆಸಿ 2025ರ ಮೇ ತಿಂಗಳಲ್ಲಿ ಕೈಬಿಟ್ಟವು. ಚಾನೆಲ್ ಒಡೆಯರ ಕಡೆಯೂ ಇದೇ ಕಥೆ: 2024ರ ನವೆಂಬರಿನಲ್ಲಿ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಜಿಯೋಸ್ಟಾರ್ ಎಂಬ ಒಂದೇ ಮನೆಯ ಸ್ವತ್ತಾದವು. ಮಾರುವವರು ಬೆರಳೆಣಿಕೆಯಷ್ಟು, ಕೊಳ್ಳುವವರು ಕೋಟಿ, ನಡುವೆ ಬೀಗ ಹಾಕಿದ ಬಾಕ್ಸ್! ಇದಕ್ಕೆ ಪೈಪೋಟಿಯೆಂದು ಹೆಸರಿಟ್ಟು ಬೆಲೆಯ ಮಿತಿ ತೆಗೆದದ್ದು ಯಾರ ಹಿತಕ್ಕೆ? ಬೆಲೆಗೆ ಕಡಿವಾಣ ಬೇಕೆಂದು "ದಾಮ್ ಬಾಂಧೋ" ಎಂದ ಲೋಹಿಯಾ ಅವರ ಘೋಷಣೆ ಎಣ್ಣೆ, ಬಟ್ಟೆ, ಸಕ್ಕರೆಗೆ ಮಾತ್ರ ಹೇಳಿದ್ದಲ್ಲವೆಂದು ನಾವು ಭಾವಿಸುತ್ತೇವೆ.

ಆಕಾಶ ಯಾರ ಸ್ವತ್ತು ಎಂಬ ಪ್ರಶ್ನೆಯನ್ನೂ ಎತ್ತಬೇಕು. ಕನ್ನಡ ನಾಡಿನ ಹಳ್ಳಿಗೆ ಉಪಗ್ರಹದಿಂದ ಟೆಲಿವಿಷನ್ ಮೊದಲು ಬಂದದ್ದು ವ್ಯಾಪಾರಕ್ಕಾಗಿ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೊಂದು ಟಿ.ವಿ. ಇಟ್ಟು ಬೇಸಾಯ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಿದರು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಇದ್ದವು. ಊರೆಲ್ಲ ಒಂದೇ ಅಂಗಳದಲ್ಲಿ ಕುಳಿತು ನೋಡಿತು. ಆಮೇಲೆ ನಮ್ಮ ವಿಜ್ಞಾನಿಗಳೇ ಬೆಂಗಳೂರಿನಲ್ಲಿ ಉಪಗ್ರಹ ಕಟ್ಟಿದರು, ಹಾಸನದಿಂದ ಅವುಗಳನ್ನು ನಡೆಸಿದರು. 2022ರ ಜೂನಿನಲ್ಲಿ ಹಾರಿದ, ಇಸ್ರೋ ಕಟ್ಟಿದ ಜಿಸ್ಯಾಟ್-24 ಉಪಗ್ರಹ ಪೂರ್ತಿಯಾಗಿ ಒಂದೇ ಖಾಸಗಿ ಡಿಶ್ ಕಂಪನಿಗೆ ಬಾಡಿಗೆಗೆ ಹೋಯಿತು. ಬಾಡಿಗೆ ಪಡೆದದ್ದು ತಪ್ಪಲ್ಲ. ಆದರೆ ಜನತೆಯ ಜಾಣ್ಮೆಯಿಂದ ಆದ ಉಪಗ್ರಹದ ಕೆಳಗೆ ಜನತೆಯ ಬಾಕ್ಸ್‌ಗೆ ಬೀಗವಿರುವುದು ತಪ್ಪು.

ಸರ್ಕಾರದ್ದೇ ಒಂದು ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಈ ಸೇವೆಗೆ ಈಗ ಡಿ.ಡಿ. ಫ್ರೀ ಡಿಶ್ ಎಂದು ಹೆಸರು. ಒಮ್ಮೆ ಡಿಶ್, ಬಾಕ್ಸ್ ಕೊಂಡರೆ ತಿಂಗಳ ಬಾಡಿಗೆಯಿಲ್ಲ, ಚಂದನ ಬರುತ್ತದೆ. ವಾರ್ತೆ, ಹಳೆಯ ಸಿನಿಮಾ ಸಾಕೆನ್ನುವ ಮನೆಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. ಆದರೆ ಅಲ್ಲಿನ ಖಾಸಗಿ ಚಾನೆಲ್‌ಗಳಲ್ಲಿ ಹಿಂದಿಯದೇ ದೊಡ್ಡ ಪಾಲು. ಕಾರಣ ಸ್ಪಷ್ಟ: ಅಲ್ಲಿ ಜಾಗವನ್ನು ಹರಾಜು ಹಾಕುತ್ತಾರೆ, ಜಾಹೀರಾತಿನ ದೊಡ್ಡ ಪೇಟೆಯಿರುವ ಭಾಷೆಯೇ ಹೆಚ್ಚು ಕೂಗುತ್ತದೆ. ಸಾರ್ವಜನಿಕ ಸಂಸ್ಥೆಯಾದ ಪ್ರಸಾರ ಭಾರತಿಯು ಕನ್ನಡಕ್ಕೆ, ತೆಲುಗಿಗೆ, ಉರ್ದುವಿಗೆ ಹರಾಜಿಲ್ಲದ ಜಾಗವನ್ನು ಹೆಚ್ಚಾಗಿ ಮೀಸಲಿಡಬೇಕು.

ಎಲ್ಲರೂ ಫೋನಿನಲ್ಲೇ ನೋಡುವ ಕಾಲ ಬಂತು, ಡಿಶ್‌ನ ಜಗಳ ಏಕೆ ಎನ್ನುವವರಿಗೂ ಉತ್ತರ ಹೇಳಬೇಕು. 2020ರಲ್ಲಿ ಸುಮಾರು 7 ಕೋಟಿ ಇದ್ದ ಡಿಶ್ ಗಿರಾಕಿಗಳು 2024ರ ಅಂತ್ಯಕ್ಕೆ 6 ಕೋಟಿಗಿಂತ ಕೆಳಗಿಳಿದದ್ದು ನಿಜ. ಬಿಟ್ಟವರಲ್ಲಿ ಒಳ್ಳೆಯ ಇಂಟರ್ನೆಟ್‌ಗೆ ಹಣವುಳ್ಳವರು ಅನೇಕರು. ಅದಿಲ್ಲದೆ ಉಳಿದವರ ಮೇಲೆಯೇ ಮುಂದಿನ ಹೊರೆ ಬೀಳುವುದು. ಉಳಿದವರು ನಾವು.

ಆದ್ದರಿಂದ ಕಾರ್ಮಿಕ ಬಂಧುಗಳಿಗೂ ವ್ಯಾಪಾರಿ ಮಿತ್ರರಿಗೂ ನಮ್ಮ ಸಲಹೆ ಇಷ್ಟು. ಒಂದು ವಾರ ಮನೆಯವರೆಲ್ಲ ನಿಜವಾಗಿ ನೋಡುವ ಚಾನೆಲ್‌ಗಳನ್ನು ಬರೆದಿಡಿ; ಬಿಡಿ ಬೆಲೆ ಕೂಡಿಸಿ ಪ್ಯಾಕ್‌ನ ಬೆಲೆಯೊಡನೆ ಹೋಲಿಸಿ. ಬೇರೆ ಕಂಪನಿಯವನು ಬಾಗಿಲಿಗೆ ಬಂದರೆ ಮೂರು ಮಾತು ಕೇಳಿ: ನೆಟ್‌ವರ್ಕ್ ಶುಲ್ಕ ತೆರಿಗೆ ಸೇರಿ ಎಷ್ಟು, ಬಾಕ್ಸ್ ನನ್ನದೋ ನಿನ್ನದೋ, ರಿಪೇರಿಗೆ ಯಾರು ಬರುತ್ತಾರೆ? ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಅಗ್ಗವೆಂದು ವರ್ಷದ ಹಣವನ್ನು ಮುಂಗಡ ಕೊಡಬೇಡಿ. ನಿಂತುಹೋದ ಕಂಪನಿಯ ಕಥೆ ಮೇಲೆ ಹೇಳಿದೆ. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟುವುದಕ್ಕೂ ಹಿಂಜರಿಯಬೇಡಿ.

ಆದರೆ ಒಬ್ಬೊಬ್ಬರೇ ಕಂಪನಿ ಬದಲಾಯಿಸುವುದರಿಂದ ಒಡೆಯ ಬದಲಾಗುತ್ತಾನೆಯೇ ಹೊರತು ಒಡೆತನ ಬದಲಾಗುವುದಿಲ್ಲ. ನಾಲ್ಕು ತಾಲ್ಲೂಕುಗಳ ಸಂಘಗಳೂ ವರ್ತಕರ ಸಭೆಗಳೂ ಮೂರು ಬೇಡಿಕೆಗಳನ್ನು ಠರಾವಾಗಿ ಅಂಗೀಕರಿಸಿ ಟ್ರಾಯ್‌ಗೂ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೂ ನಮ್ಮ ಲೋಕಸಭಾ ಸದಸ್ಯರಿಗೂ ಕಳಿಸಬೇಕು: ಎಲ್ಲ ಕಂಪನಿಗೂ ಹೊಂದುವ ಒಂದೇ ಬಾಕ್ಸ್, ನೆಟ್‌ವರ್ಕ್ ಶುಲ್ಕಕ್ಕೆ ಮತ್ತೆ ಮಿತಿ, ಫ್ರೀ ಡಿಶ್‌ನಲ್ಲಿ ನಮ್ಮ ಭಾಷೆಗಳಿಗೆ ಜಾಗ. ಒಬ್ಬನ ಬಿಲ್ಲು ಬರಿಯ ಕಾಗದ. ಸಾವಿರ ಮನೆಗಳ ಬಿಲ್ಲು ಸೇರಿದರೆ ಅದು ಅರ್ಜಿಯಾಗುತ್ತದೆ, ಅರ್ಜಿಗೆ ಕಿವಿಗೊಡದಿದ್ದರೆ ಚಳವಳಿಯಾಗುತ್ತದೆ. ಬಿಲ್ಲುಗಳನ್ನು ಎಸೆಯದೆ ಸಂಘದ ಕಚೇರಿಗೆ ತನ್ನಿ.