ಮೆಗಾಪಿಕ್ಸೆಲ್ ಲೆಕ್ಕ ಹೇಳುವವರೇ, ಒಮ್ಮೆ ರಾತ್ರಿ ಕಂಬಳಕ್ಕೆ ಬನ್ನಿ

ಕಂಬಳದಲ್ಲಿ ಗೆದ್ದದ್ದು ಒಬ್ಬರ ಕೋಣ. ಪೇಪರಿನಲ್ಲಿ ಬಂದದ್ದು ಇನ್ನೊಬ್ಬರ ಕೋಣದ ಫೋಟೋ. ಆ ಸುದ್ದಿ ಬರೆದವನು ನಾನೇ.

ಫೈನಲ್ ಮುಗಿಯುವಾಗ ಬೆಳಗಿನ ಜಾವ ನಾಲ್ಕು ಗಂಟೆ. ನಾನು ನಲವತ್ತು ಫೋಟೋ ತೆಗೆದಿದ್ದೆ, ಒಂದೂ ಆಗಿರಲಿಲ್ಲ. ಇದ್ದದ್ದರಲ್ಲಿ ಒಳ್ಳೆಯದನ್ನು ಕಳಿಸಿದರೆ ಡೆಸ್ಕಿನವರು ಫೋನ್ ಮಾಡಿ, "ಇದೆಂತ ಮಾರಾಯ, ಕೋಣವಾ ಹೊಗೆಯಾ?" ಎಂದು ಕೇಳಿದರು. ಆಮೇಲೆ ಹಿಂದಿನ ವರ್ಷದ ಫೈಲ್ ಫೋಟೋ ಹಾಕಿ ಪುಟ ಮುಗಿಸಿದರು. ಮರುದಿನ ಕೋಣದ ಯಜಮಾನರ ಫೋನ್: "ಪತ್ರಿಕೋದ್ಯಮ ಕಲಿತವರಲ್ವಾ ನೀವು? ನಮ್ಮ ಕೋಣ ಯಾವುದು ಅಂತ ಗೊತ್ತಾಗುವುದಿಲ್ವಾ?"

ಉತ್ತರ ಕೊಡಲಿಕ್ಕೆ ಬಾಯಿ ಬರಲಿಲ್ಲ. ಒಂದು ವರ್ಷ ಸಾಕಿ, ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿದ ಮನೆಯವರ ಗೆಲುವನ್ನು ನಾನು ಸುಳ್ಳು ಮಾಡಿದ್ದೆ. ಅಕ್ಷರದಲ್ಲಿ ಅಲ್ಲ, ಫೋಟೋದಲ್ಲಿ.

ಆ ಕ್ಯಾಮೆರಾ ಕೊಂಡದ್ದು ಚೀಟಿ ಎತ್ತಿದ ಹಣದಲ್ಲಿ. ಅಂಗಡಿಯವರು ಹೇಳಿದ್ದು ಎರಡೇ ಮಾತು: "20 ಮೆಗಾಪಿಕ್ಸೆಲ್ ಸರ್, 50 ಎಕ್ಸ್ ಜೂಮ್ ಸರ್." ಕತ್ತಲೆಯಲ್ಲಿ ಓಡುವುದನ್ನು ಇದು ಹಿಡಿಯುತ್ತದಾ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇವತ್ತು ಈ ಲೇಖನ ಬರೆಯುತ್ತಿರುವುದು ಆ ಎರಡು ಮಾತಿನ ವಿರುದ್ಧ. ಜೊತೆಗೆ "ಈಗ ಫೋನೇ ಸಾಕು ಮಾರಾಯ್ರೆ" ಎನ್ನುವ ಮೂರನೇ ಮಾತಿನ ವಿರುದ್ಧವೂ.

ಮೊದಲು ಮೆಗಾಪಿಕ್ಸೆಲ್. ಕ್ಯಾಮೆರಾದ ಒಳಗೆ ಬೆಳಕು ಬೀಳುವ ಒಂದು ಚಿಕ್ಕ ಹಲಗೆ ಇದೆ, ಅದಕ್ಕೆ ಸೆನ್ಸರ್ ಎನ್ನುತ್ತಾರೆ. ನಾನು ಕೊಂಡ ಕ್ಯಾಮೆರಾದ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, 4.5 ಮಿಲಿಮೀಟರ್ ಎತ್ತರ. ಕಿರುಬೆರಳ ಉಗುರಿಗಿಂತ ಸಣ್ಣದು. ಮೆಗಾಪಿಕ್ಸೆಲ್ ಹೆಚ್ಚಿಸುವುದು ಎಂದರೆ ಹತ್ತು ಸೆಂಟ್ಸ್ ಜಾಗವನ್ನು ಇಪ್ಪತ್ತು ಪಾಲು ಮಾಡಿದ ಹಾಗೆ. ಪಾಲು ಹೆಚ್ಚಾಯಿತು, ಜಾಗ ಹೆಚ್ಚಾಗಲಿಲ್ಲ.

ಇದು ಕಂಪನಿಗಳಿಗೂ ಗೊತ್ತು. 2008ರ ಕ್ಯಾನನ್ ಜಿ10 ಕ್ಯಾಮೆರಾದಲ್ಲಿ 14.7 ಮೆಗಾಪಿಕ್ಸೆಲ್ ಇತ್ತು. ಮರುವರ್ಷ ಬಂದ ಜಿ11ರಲ್ಲಿ ಅದನ್ನು 10ಕ್ಕೆ ಇಳಿಸಿದರು. ಕಡಿಮೆ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರಲಿ ಎಂದೇ ಇಳಿಸಿದ್ದು. ನಮ್ಮ ಪೇಪರಿಗೆ ಎಷ್ಟು ಬೇಕು ಗೊತ್ತಾ? 16 ಸೆಂಟಿಮೀಟರ್ ಅಗಲದ ಫೋಟೋ ಚೆನ್ನಾಗಿ ಅಚ್ಚಾಗಲು ಮೂರು ಮೆಗಾಪಿಕ್ಸೆಲ್ ಧಾರಾಳ. ಉಳಿದದ್ದೆಲ್ಲ ಡಬ್ಬದ ಮೇಲೆ ಬರೆಯಲಿಕ್ಕೆ.

ಎರಡನೆಯದು ಜೂಮ್. ಇಂಥ ಉದ್ದ ಜೂಮ್ ಕ್ಯಾಮೆರಾಗಳಲ್ಲಿ ಜೂಮ್ ಎಳೆದಷ್ಟೂ ಲೆನ್ಸಿನ ಬಾಯಿ ಸಣ್ಣದಾಗುತ್ತದೆ. ಎಫ್1.8, ಎಫ್5.6 ಎಂದು ಬರೆದಿರುವುದು ಈ ಬಾಯಿಯ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್5.6ಕ್ಕಿಂತ ಎಫ್1.8ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ರಾತ್ರಿ ಕೆಲಸಕ್ಕೆ ಈ ಹತ್ತು ಪಟ್ಟೇ ಮುಖ್ಯ. ಲೆನ್ಸಿನ ಬಾಯಿ ಸಣ್ಣದಾದರೆ ಕ್ಯಾಮೆರಾ ಬೆಳಕಿಗಾಗಿ ಹೆಚ್ಚು ಹೊತ್ತು ಕಾಯಬೇಕು. ಕೋಣ ಕಾಯುತ್ತದಾ?

ಲೆಕ್ಕ ಹಾಕಿ ನೋಡಿ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿಯಾಯಿತು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು. ಕ್ಯಾಮೆರಾದ ಶಟರ್ ಸೆಕೆಂಡಿನ 30ನೇ ಒಂದು ಪಾಲು ತೆರೆದಿದ್ದರೂ ಅಷ್ಟರಲ್ಲಿ ಕೋಣ ಸುಮಾರು 35 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅದೇ ಡೆಸ್ಕಿನವರು ಹೇಳಿದ ಹೊಗೆ. ಶಟರ್ 500ನೇ ಒಂದು ಪಾಲಿಗೆ ಮುಚ್ಚಿದರೆ ಎರಡೇ ಸೆಂಟಿಮೀಟರ್. ಆಗ ಕೋಣ ಕೋಣವಾಗಿ ಕಾಣುತ್ತದೆ, ಓಡಿಸುವವನ ಮುಖ ಗುರುತು ಸಿಗುತ್ತದೆ.

ಇನ್ನು ಫೋನ್. ಹಗಲಿನ ಸಭೆ, ರಸ್ತೆ ಹೊಂಡ, ಬಿದ್ದ ಮರ ಇದಕ್ಕೆಲ್ಲ ಫೋನ್ ಸಾಕು, ನಾನೂ ಅದರಲ್ಲೇ ತೆಗೆಯುತ್ತೇನೆ. ಆದರೆ ಫೋನಿನ ನೈಟ್ ಮೋಡ್ ಏನು ಮಾಡುತ್ತದೆ? ಒಂದರ ಮೇಲೊಂದು ಹಲವು ಚಿತ್ರ ತೆಗೆದು ಸೇರಿಸುತ್ತದೆ. ನಿಂತ ದೇವಸ್ಥಾನ ಝಗಝಗ ಹೊಳೆಯುತ್ತದೆ. ರಂಗಸ್ಥಳದಲ್ಲಿ ದಿಗಿಣ ಹಾರುವ ವೇಷಧಾರಿ ಬಣ್ಣದ ಮುದ್ದೆಯಾಗುತ್ತಾನೆ. ಫ್ಲೆಡ್‌ಲೈಟ್ ಕಬಡ್ಡಿಯಲ್ಲಿ ರೈಡರಿನ ಕೈಯೇ ಮಾಯ. "ಫೋನೇ ಸಾಕು" ಎನ್ನುವ ನಮ್ಮ ಬ್ಯಾಚಿನ ಗೆಳೆಯರಲ್ಲಿ ಹೆಚ್ಚಿನವರು ಎಸಿ ರೂಮಿನಲ್ಲಿ ಪ್ರೆಸ್‌ಮೀಟ್ ಮಾಡುವವರು. ಅವರ ಸುದ್ದಿ ಬೆಳಕಿನಲ್ಲಿ ಕುಳಿತಿರುತ್ತದೆ. ನಮ್ಮದು ಕತ್ತಲೆಯಲ್ಲಿ ಓಡುತ್ತದೆ.

ಫ್ಲಾಶ್ ಹಾಕಿದರಾಯಿತಲ್ಲ ಎನ್ನಬೇಡಿ. ಸಣ್ಣ ಕ್ಯಾಮೆರಾದ ಫ್ಲಾಶ್ ಹೆಚ್ಚು ದೂರ ಮುಟ್ಟುವುದಿಲ್ಲ. ಹತ್ತಿರದಿಂದ ಹಾಕಿದರೆ ಓಡುವ ಕೋಣದ ಕಣ್ಣಿಗೆ, ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ. ಒಂದು ಫೋಟೋಗೋಸ್ಕರ ಇನ್ನೊಬ್ಬರ ಕಾಲು ಜಾರಿಸುವ ಹಕ್ಕು ನಮಗಿಲ್ಲ.

ಹಾಗಾದರೆ ಯಾವುದು ತೆಗೆದುಕೊಳ್ಳಬೇಕು? ಅಂಗಡಿಯಲ್ಲಿ ಮೂರೇ ಪ್ರಶ್ನೆ ಕೇಳಿ.

ಒಂದು, ಸೆನ್ಸರ್ ಎಷ್ಟು ದೊಡ್ಡದು? "ಒಂದು ಇಂಚು" ಎಂದು ಕರೆಯುವ ಸೆನ್ಸರ್ 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ ಇರುತ್ತದೆ. ನನ್ನ ಹಳೆಯದಕ್ಕಿಂತ ನಾಲ್ಕು ಪಟ್ಟು ಜಾಗ.

ಎರಡು, ಜೂಮ್ ಪೂರ್ತಿ ಎಳೆದಾಗ ಎಫ್ ಸಂಖ್ಯೆ ಎಷ್ಟು? 2.8 ಇದ್ದರೆ ಒಳ್ಳೆಯದು. 5.6, 6.5 ಎಂದರೆ ಕೈಮುಗಿದು ಹೊರಗೆ ಬನ್ನಿ.

ಮೂರು, ಶಟರ್ ವೇಗವನ್ನು ನಾವೇ ಹೊಂದಿಸಬಹುದಾ? ಡಯಲ್ ಮೇಲೆ ಎಸ್ ಅಥವಾ ಟಿವಿ ಎಂಬ ಗುರುತು ಇದೆಯಾ ನೋಡಿ.

ಈ ಮೂರಕ್ಕೂ ಸರಿಹೊಂದುವ, ಪ್ಯಾಂಟಿನ ಜೇಬಿಗೆ ಹೋಗುವ ಕ್ಯಾಮೆರಾಗಳು ಇವೆ. 2014ರ ಸೋನಿ ಆರ್‌ಎಕ್ಸ್100 ಮಾರ್ಕ್ 3, 2016ರ ಕ್ಯಾನನ್ ಜಿ7ಎಕ್ಸ್ ಮಾರ್ಕ್ 2. ಎರಡರಲ್ಲೂ ಒಂದು ಇಂಚಿನ ಸೆನ್ಸರ್, ಎರಡರಲ್ಲೂ ಎಫ್1.8ರಿಂದ 2.8ರ ಲೆನ್ಸ್. ಹೊಸದೇ ಆಗಬೇಕೆಂದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸ್ ಸದ್ದಿಲ್ಲದೆ ಒಳಗೆ ಹೊರಗೆ ಹೋಗುತ್ತದಾ, ಬಿಳಿ ಗೋಡೆಯ ಫೋಟೋ ತೆಗೆದರೆ ಕಪ್ಪು ಚುಕ್ಕೆ ಕಾಣುತ್ತದಾ ನೋಡಿ. ನಾನು ಈಗ ಬಳಸುತ್ತಿರುವುದೂ ಇನ್ನೊಬ್ಬರು ಬಳಸಿ ಬಿಟ್ಟದ್ದೇ.

ಇವಕ್ಕೂ ಕೊರತೆ ಇದೆ. ಜೂಮ್ ಕಡಿಮೆ, ಹಾಗಾಗಿ ಹತ್ತಿರ ಹೋಗಿ ನಿಲ್ಲಬೇಕು. ಕತ್ತಲೆಯಲ್ಲಿ ಫೋಕಸ್ ತಡವರಿಸುತ್ತದೆ. ನಾನು ಮಂಜೊಟ್ಟಿಯ ಬದಿಯಲ್ಲಿ, ಕೋಣದ ದಾರಿ ಬಿಟ್ಟು ನಿಲ್ಲುತ್ತೇನೆ. ಬೆಳಕು ಚೆನ್ನಾಗಿ ಬೀಳುವ ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿ, ಐಎಸ್‌ಒ 3200, ಶಟರ್ 500ನೇ ಒಂದು ಪಾಲು ಇಟ್ಟು ಕಾಯುತ್ತೇನೆ. ಚಿತ್ರ ಸ್ವಲ್ಪ ಕಪ್ಪಾಗುತ್ತದೆ, ಕಾಳು ಕಾಳಾಗುತ್ತದೆ. ಆಗಲಿ. ಕಾಳಾದ ಚಿತ್ರ ಅಚ್ಚಿಗೆ ಹೋಗುತ್ತದೆ, ಅಲುಗಿದ ಚಿತ್ರ ಹೋಗುವುದಿಲ್ಲ. ಕನೆಹಲಗೆಯ ನೀರು ನಿಶಾನೆಗೆ ಹಾರುವ ಕ್ಷಣ ಈಗ ನನಗೆ ಸಿಗುತ್ತಿದೆ.

ಕೊನೆಗೆ ಕಚೇರಿಯವರಿಗೆ ಒಂದು ಮಾತು. "ಕ್ಲಿಯರ್ ಫೋಟೋ ಕಳಿಸಿ" ಎಂದು ರಾತ್ರಿಯೆಲ್ಲ ಮೆಸೇಜ್ ಹಾಕುತ್ತೀರಿ. ಕ್ಯಾಮೆರಾ ನಮ್ಮದು, ಪೆಟ್ರೋಲ್ ನಮ್ಮದು, ನಿದ್ದೆಯೂ ನಮ್ಮದೇ. ಒಂದು ಫೋಟೋಕ್ಕೆ ಸಿಗುವ ಹಣದಲ್ಲಿ ಗದ್ದೆಯ ಬದಿಯ ಸ್ಟಾಲಿನಲ್ಲಿ ಚಾ, ಗೋಳಿಬಜೆಯೇ ಕಷ್ಟ. ತಾಲೂಕಿಗೆ ಒಂದು ಕ್ಯಾಮೆರಾ ಕೊಡಿ, ನಾವು ಸರದಿಯಲ್ಲಿ ಬಳಸುತ್ತೇವೆ. ಅದೂ ಆಗದಿದ್ದರೆ ಫೋಟೋ ಇಲ್ಲದೆಯೇ ಸುದ್ದಿ ಹಾಕಿ. ಗೆದ್ದವನ ಹೆಸರಿನ ಮೇಲೆ ಬೇರೆಯವನ ಫೋಟೋ ಮಾತ್ರ ಹಾಕಬೇಡಿ.

ಓದುವ ನೀವೂ ಕೇಳಿ. ನಿಮ್ಮೂರ ಆಟದ್ದೋ ಕಂಬಳದ್ದೋ ಹಳೇ ಫೋಟೋ ಪೇಪರಿನಲ್ಲಿ ಬಂದರೆ ನಮಗೆ ಬೈಯಿರಿ, ಬೇಡ ಎನ್ನುವುದಿಲ್ಲ. ಬೈದ ಮೇಲೆ ಕಚೇರಿಗೂ ಒಂದು ಫೋನ್ ಮಾಡಿ.