ಬಾಡಿಗೆಯ ಬಾಗಿಲಿಗೆ ಬಟ್ಟೆಯ ತೋರಣ

ದೀಪಾವಳಿ ಸಮೀಪಿಸಿತೆಂದರೆ ಪುರಸೈವಾಕ್ಕಂ ಹೈರೋಡಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಜವಳಿ ಅಂಗಡಿಗಳ ಮುಂದೆ ಜನಸಂದಣಿ. ಅಕ್ಕಪಕ್ಕದ ಓಣಿಗಳಲ್ಲಿ ದರ್ಜಿಗಳ ಯಂತ್ರಗಳಿಗೆ ನಡುರಾತ್ರಿಯವರೆಗೆ ಬಿಡುವಿಲ್ಲ. ಆ ಯಂತ್ರಗಳ ಕೆಳಗೆ ಬಣ್ಣಬಣ್ಣದ ಬಟ್ಟೆಯ ಚೂರುಗಳ ರಾಶಿ. ಅದೇ ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ಕಿನ ಮಾವಿನೆಲೆ, ಪ್ಲಾಸ್ಟಿಕ್ಕಿನ ಚೆಂಡುಹೂವುಗಳ ತೋರಣಗಳು ಭರದಿಂದ ಬಿಕರಿಯಾಗುತ್ತವೆ. ಹತ್ತು ವರ್ಷ ಬಾಳಬಲ್ಲ ಅರಿವೆ ಕಸದ ಪಾಲು. ಕಸವಾಗಲೆಂದೇ ಹುಟ್ಟಿದ ವಸ್ತು ನಮ್ಮ ಹೊಸ್ತಿಲಿನ ಶೋಭೆ. ಈ ವಿಪರೀತವನ್ನು ಕುರಿತು ವಾಚಕ ಬಾಂಧವರೊಡನೆ ನಾಲ್ಕು ಮಾತುಗಳನ್ನಾಡಬಯಸುತ್ತೇವೆ.

ಬೆಲೆಯೇರಿಕೆ, ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಇವುಗಳ ನಡುವೆ ತೋರಣದ ವಿಚಾರವೂ ಒಂದು ವಿಚಾರವೇ ಎಂದು ಕೆಲವರು ಕೇಳಬಹುದು. ಊರು ಬಿಟ್ಟು ಬಂದವನಿಗೆ ಬಾಗಿಲೆಂಬುದು ಸಣ್ಣ ವಿಷಯವಲ್ಲವೆಂಬುದೇ ನಮ್ಮ ಉತ್ತರ. ಊರಿನಲ್ಲಿ ಹಿರಿಯರು ಕಟ್ಟಿಸಿದ ಮನೆಯ ಬಾಗಿಲಿಗೆ ತೋರಣವಿಲ್ಲದಿದ್ದರೂ ಅದು ಯಾರ ಮನೆಯೆಂಬುದು ಊರಿಗೆಲ್ಲ ತಿಳಿದಿರುತ್ತದೆ. ಇಲ್ಲಿ ಹಾಗಲ್ಲ. ಹನ್ನೊಂದು ತಿಂಗಳ ಕರಾರಿನ ಬಾಗಿಲು. ಮೊಳೆ ಹೊಡೆಯಕೂಡದೆಂಬ ಯಜಮಾನರ ಕಟ್ಟಳೆ. ಒಂದೇ ಮಹಡಿಯಲ್ಲಿ ಒಂದೇ ಬಣ್ಣದ ಆರು ಕದಗಳು. ಈ ಆರರಲ್ಲಿ ಇದು ಕನ್ನಡದವರ ಮನೆ, ಇಲ್ಲಿ ಇಂದು ಹಬ್ಬ ಎಂದು ಹೇಳತಕ್ಕದ್ದು ಒಂದು ತೋರಣ ಮಾತ್ರ. ಅದನ್ನೂ ಅಂಗಡಿಯಿಂದ ಸಿದ್ಧಮಾಡಿದ್ದನ್ನು ತಂದು ತೂಗಿಸಿದರೆ, ಆರೂ ಬಾಗಿಲುಗಳು ಮತ್ತೆ ಒಂದೇ ಆಗುತ್ತವೆ.

ಪುರಸೈವಾಕ್ಕಮಿನ ಹೆಸರೇ ಈ ಸಂದರ್ಭದಲ್ಲಿ ನೆನೆಯತಕ್ಕದ್ದಾಗಿದೆ. ತಮಿಳಿನಲ್ಲಿ ಪುರಸು ಎಂದರೆ ನಮ್ಮ ಮುತ್ತುಗದ ಮರ. ಆ ಮರಗಳಿಂದಲೇ ಈ ಸ್ಥಳಕ್ಕೆ ಹೆಸರು ಬಂದಿತೆಂದು ಹೇಳುತ್ತಾರೆ; ಇಲ್ಲಿಯ ಗಂಗಾಧರೇಶ್ವರ ದೇವಾಲಯದ ಸ್ಥಳವೃಕ್ಷವೂ ಅದೇ. ಮುತ್ತುಗದೆಲೆಯನ್ನು ಕಡ್ಡಿಯಿಂದ ಹೊಲಿದು ಊಟದೆಲೆ ಮಾಡುವ ಕೈಗಳು ನಮ್ಮ ಮನೆಗಳಲ್ಲಿದ್ದುವು. ಚೂರುಚೂರಾದ ಎಲೆಗಳನ್ನು ಸೇರಿಸಿ ಒಬ್ಬರಿಗೆ ಉಣಬಡಿಸುವಷ್ಟು ಅಗಲ ಮಾಡುವ ವಿದ್ಯೆ ನಮಗೆ ಹೊಸದಲ್ಲ. ಎಲೆಯನ್ನು ಹೊಲಿದವರ ಮಕ್ಕಳಿಗೆ ಬಟ್ಟೆಯನ್ನು ಹೊಲಿಯುವುದು ಅಸಾಧ್ಯವೆ?

ಬಟ್ಟೆಯ ತುಂಡುಗಳನ್ನು ಕೂಡಿಸುವ ಕಲೆಯಲ್ಲಿ ಕನ್ನಡನಾಡು ಎಂದೂ ಬಡವಾಗಿರಲಿಲ್ಲ. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿಯುಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಹೊರದೇಶಗಳ ವಿದ್ವಾಂಸರೂ ಬಂದು ಅಭ್ಯಾಸ ಮಾಡಿದ್ದಾರೆ. ನಾಲ್ಕು ಮೂಲೆಗಳಲ್ಲಿ 'ಫೂಲಾ' ಎಂಬ ಮಡಿಕೆಯ ಹೂವನ್ನಿಡದೆ ಆ ಕೌದಿ ಮುಗಿಯುವುದಿಲ್ಲ. ಹೂವಿಲ್ಲದ ಕೌದಿ ಬತ್ತಲೆಯೆಂಬುದು ಅವರ ಭಾವನೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಉಡುಪಿಯ ಕಡೆಯಿಂದ ಬಂದ ನಮ್ಮ ಹೋಟೆಲು ಬಂಧುಗಳಂತೂ ಬ್ರಹ್ಮರಥದ ನೆತ್ತಿಯನ್ನು ಕೆಂಪು ಬಿಳಿ ಬಟ್ಟೆಯ ಪತಾಕೆಗಳು ಹೇಗೆ ತುಂಬುತ್ತವೆಂಬುದನ್ನು ಬಾಲ್ಯದಿಂದ ಕಂಡವರು.

ನಾವು ಬಂದು ನೆಲೆಸಿರುವ ತಮಿಳುನಾಡಿನಲ್ಲಿಯೂ ಇದೇ ಸಂಪ್ರದಾಯವಿದೆ. ತಂಜಾವೂರಿನ ಕಡೆ ತೇರುಗಳಿಗೆ ಇಳಿಬಿಡುವ 'ತೊಂಬೈ' ಎಂಬ ಕೊಳವೆಯಾಕಾರದ ಅಲಂಕಾರಗಳು ಬಟ್ಟೆಯ ಮೇಲೆ ಬಟ್ಟೆಯನ್ನು ಕತ್ತರಿಸಿ ಹೊಲಿದವುಗಳೇ. ಇಂದು ಚೆನ್ನೈ ಹೋಟೆಲುಗಳ ಅಡಿಗೆಮನೆಗಳಲ್ಲಿ ನಮ್ಮವರ ಜೊತೆಗೆ ಒಡಿಶಾದ ತರುಣರೂ ದುಡಿಯುತ್ತಿದ್ದಾರೆ. ಪುರಿಯ ಜಗನ್ನಾಥನ ರಥಕ್ಕೆ ಕೆಂಪು ಹಳದಿ, ಬಲಭದ್ರನ ರಥಕ್ಕೆ ಕೆಂಪು ಹಸಿರು, ಸುಭದ್ರೆಯ ರಥಕ್ಕೆ ಕೆಂಪು ಕಪ್ಪು ಬಟ್ಟೆಗಳ ಹೊದಿಕೆಯೆಂಬುದನ್ನೂ, ಪಿಪಿಲಿಯ ಚಂದುವಾ ಕೆಲಸದ ಸೊಗಸನ್ನೂ ಅವರ ಬಾಯಿಂದಲೇ ಕೇಳಬಹುದು. ಒಂದೇ ಬಿಡಾರದಲ್ಲಿ ಮಲಗುವವರು ಪರಸ್ಪರರ ಊರನ್ನು ಅರಿಯಲು ಇದಕ್ಕಿಂತ ಸುಲಭವಾದ ದಾರಿ ನಮಗೆ ತೋರದು.

ಇಲ್ಲಿ ಎರಡು ಆಕ್ಷೇಪಗಳು ಬರುವುದು ಸಹಜ. ಉಟ್ಟು ಬಿಟ್ಟ ಬಟ್ಟೆಯನ್ನು ಹಬ್ಬದ ಬಾಗಿಲಿಗೆ ಕಟ್ಟುವುದು ಮಡಿಯಲ್ಲವೆಂಬುದು ಮೊದಲನೆಯದು. ಅಜ್ಜಿಯ ಹಳೆಯ ಸೀರೆಯಿಂದ ಮಾಡಿದ ಕೌದಿಯ ಮೇಲೆ ಹಸುಗೂಸನ್ನು ಮಲಗಿಸುವ ನಾಡು ನಮ್ಮದು. ಮಗುವಿಗೆ ಮಂಗಳವಾದದ್ದು ಬಾಗಿಲಿಗೆ ಹೇಗೆ ಅಮಂಗಳವಾದೀತು? ಆದರೂ ಮನಸ್ಸು ಒಪ್ಪದವರಿಗೆ ದರ್ಜಿಯ ಅಂಗಡಿಯ ಚೂರುಗಳಿವೆ. ಅವು ಯಾರೂ ಉಡದ ಹೊಸ ಬಟ್ಟೆಗಳೇ.

ಮಾವಿನೆಲೆಯ ಸ್ಥಾನವನ್ನು ಬಟ್ಟೆ ಕಸಿದುಕೊಳ್ಳುವುದೆಂಬುದು ಎರಡನೆಯದು. ಇದು ಯೋಗ್ಯವಾದ ಆಕ್ಷೇಪ. ಹಸಿರು ಎಲೆಯ ಮಹತ್ವವಿರುವುದು ಅದು ಒಣಗುವುದರಲ್ಲಿ. ಒಣಗಿತೆಂದೇ ಮುಂದಿನ ಹಬ್ಬಕ್ಕೆ ಹೊಸದನ್ನು ಕಟ್ಟುತ್ತೇವೆ. ಆದುದರಿಂದ ಮಾವಿನೆಲೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಯುಗಾದಿಗೆ ಐದು ಎಲೆ ದೊರೆತರೂ ಮಧ್ಯದಲ್ಲಿ ಅವನ್ನೇ ಕಟ್ಟತಕ್ಕದ್ದು. ಬಟ್ಟೆಯ ತೋರಣ ತೆಗೆದುಹಾಕಬೇಕಾದದ್ದು ಪ್ಲಾಸ್ಟಿಕ್ಕನ್ನು, ಎಲೆಯನ್ನಲ್ಲ. ಪ್ಲಾಸ್ಟಿಕ್ಕಿನ ಎಲೆ ಒಣಗುವುದೂ ಇಲ್ಲ, ಒಗೆಯಲೂ ಬರುವುದಿಲ್ಲ. ಧೂಳು ಕುಡಿದು ಬಣ್ಣಗೆಟ್ಟು ಕಡೆಗೆ ಚರಂಡಿಗೆ ಸೇರುತ್ತದೆ. ತಮಿಳುನಾಡು ಸರಕಾರವು 2019ರ ಜನವರಿ 1ರಿಂದ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟವೂ ಸೇರಿತ್ತೆಂಬುದನ್ನು ನೆನೆದರೆ, ಮಳೆಗಾಲದಲ್ಲಿ ಚರಂಡಿ ಉಕ್ಕಿ ಹರಿಯುವುದನ್ನು ಕಂಡಿರುವ ಈ ನಗರದ ನಿವಾಸಿಗಳಿಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಇನ್ನು ಮಾಡುವ ಕ್ರಮವನ್ನು ಹೇಳೋಣ. ಬಾಗಿಲಿನ ಅಗಲ 36 ಅಂಗುಲವೆಂದು ಇಟ್ಟುಕೊಳ್ಳಿ. 38 ಅಂಗುಲ ಉದ್ದ, 6 ಅಂಗುಲ ಅಗಲದ ಒಂದು ಪಟ್ಟಿಯನ್ನು ಕತ್ತರಿಸಿಕೊಳ್ಳಬೇಕು. ಚೂರುಗಳನ್ನು ಕೂಡಿಸಿ ಅಷ್ಟು ಉದ್ದ ಮಾಡಿದರೂ ಆದೀತು. ಕಾಗದದ ಮೇಲೆ 4 ಅಂಗುಲ ಅಗಲ, 7 ಅಂಗುಲ ಉದ್ದದ ಒಂದು ಎಲೆಯನ್ನು ಬರೆದು, ಅದನ್ನು ಅಚ್ಚಾಗಿಟ್ಟುಕೊಂಡು 22 ತುಂಡುಗಳನ್ನು ಕತ್ತರಿಸಿದರೆ 11 ಎಲೆಗಳಾಗುತ್ತವೆ. ಎರಡೆರಡು ತುಂಡುಗಳ ಬಣ್ಣದ ಮುಖಗಳನ್ನು ಒಳಗೆ ಮಾಡಿ, ಅಂಚಿನಿಂದ ಅರ್ಧ ಅಂಗುಲ ಬಿಟ್ಟು ಸುತ್ತಲೂ ಹೊಲಿದು, ಮೇಲ್ಭಾಗವನ್ನು ಮಾತ್ರ ತೆರೆದಿಡಬೇಕು. ಕೈಹೊಲಿಗೆಯಾದರೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಮುಂದಕ್ಕೆ ಒಯ್ಯುವ ಹೊಲಿಗೆಯೇ ಗಟ್ಟಿ. ತುದಿಯಲ್ಲಿ ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ, ಪೆನ್ಸಿಲಿನ ಮೊಂಡು ತುದಿಯಿಂದ ಒಳಗಿನದನ್ನು ಹೊರಗೆ ತಿರುಗಿಸಿ ಇಸ್ತ್ರಿ ಮಾಡಿದರೆ ಎಲೆಯ ಮೊನೆ ಚೆನ್ನಾಗಿ ಕೂರುತ್ತದೆ. ನಡುವೆ ನರದಂತೆ ಒಂದು ಸಾಲು ಹೊಲಿಗೆ ಹಾಕಿದರೆ ಇನ್ನೂ ಸೊಗಸು.

ಬಳಿಕ ಪಟ್ಟಿಯ ಎರಡು ತುದಿಗಳನ್ನು ಒಂದೊಂದು ಅಂಗುಲವೂ, ಉದ್ದದ ಅಂಚುಗಳನ್ನು ಅರ್ಧರ್ಧ ಅಂಗುಲವೂ ಒಳಕ್ಕೆ ಮಡಿಚಿ, ಪಟ್ಟಿಯನ್ನು ಉದ್ದಕ್ಕೂ ಎರಡಾಗಿ ಮಡಿಸಬೇಕು. ಆ ಮಡಿಕೆಯ ಬಾಯಿಗೆ ಎಲೆಗಳ ಮೇಲ್ಭಾಗವನ್ನು ಅರ್ಧ ಅಂಗುಲ ಸೇರಿಸಿ, ಸಮಾನ ಅಂತರದಲ್ಲಿಟ್ಟು ಹೊಲಿದರೆ ತೋರಣ ಸಿದ್ಧ. ಪಟ್ಟಿಯ ಎರಡು ತುದಿಗಳನ್ನು ತೆರೆದಿಟ್ಟರೆ ಒಳಗೆ ಬಿದಿರಿನ ತೆಳು ದಬ್ಬೆಯೊಂದನ್ನು ತೂರಿಸಬಹುದು. ಚೌಕಟ್ಟಿನ ಎರಡು ನಿಲುವುಗಳ ನಡುವೆ ಬಿಗಿಯಾಗಿ ಕೂರುವಂತೆ ದಬ್ಬೆಯನ್ನು ಕತ್ತರಿಸಿದರೆ ಮೊಳೆಯ ಅಗತ್ಯವಿಲ್ಲ. ಮನೆಯ ಯಜಮಾನರ ಕಟ್ಟಳೆಗೂ ಭಂಗವಿಲ್ಲ. ದಿನಕ್ಕೆ ಎರಡು ಎಲೆ ಹೊಲಿದರೂ ಒಂದು ವಾರದೊಳಗೆ ಕೆಲಸ ಮುಗಿಯುತ್ತದೆ.

ಕೆಲವು ಎಚ್ಚರಿಕೆಗಳು ಅಗತ್ಯ. ಹೊಸ ಹತ್ತಿಬಟ್ಟೆ ನೀರು ಕಂಡರೆ ಕುಗ್ಗುತ್ತದೆ, ಬಣ್ಣವನ್ನೂ ಬಿಡಬಹುದು. ಹೊಲಿಯುವ ಮೊದಲೇ ಒಂದೊಂದು ಬಣ್ಣವನ್ನು ಬೇರೆ ಬೇರೆ ನೆನೆಸಿ ಒಣಗಿಸಬೇಕು. 1960ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಮದರಾಸಿನ ಚೌಕಳಿ ಬಟ್ಟೆ, ಬಣ್ಣ ಬಿಡುವುದೇ ಅದರ ಗುಣವೆಂಬ ಜಾಹೀರಾತಿನಿಂದ ಮಾರಾಟವಾಯಿತು. ತೋರಣಕ್ಕೆ ಆ ಗುಣ ಬೇಡ. ಹತ್ತಿಯೊಡನೆ ಹತ್ತಿಯನ್ನೇ ಸೇರಿಸಿರಿ. ನೈಲಾನು, ಪಾಲಿಯೆಸ್ಟರುಗಳು ಬಿಸಿ ಇಸ್ತ್ರಿಗೆ ಕರಗುತ್ತವೆ. ಬಟ್ಟೆ ಯಾವುದೇ ಆಗಲಿ, ದೀಪದ ಜ್ವಾಲೆಗೂ ಪಟಾಕಿಗೂ ಎಟುಕದಷ್ಟು ಎತ್ತರದಲ್ಲಿರಬೇಕು.

ಹೊಲಿಗೆ ಬಾರದವರಿಗೂ ದಾರಿಯುಂಟು. ನೆರೆಯ ವೇಪೇರಿಯ ಆಂಗ್ಲೋ-ಇಂಡಿಯನ್ ಕುಟುಂಬಗಳು ಕ್ರಿಸ್ಮಸ್ ಸಮಯದಲ್ಲಿ ಕದದ ಮೇಲೆ ದುಂಡನೆಯ ಹಾರವನ್ನು ತೂಗಿಸುವುದನ್ನು ಹಲವರು ಕಂಡಿರಬಹುದು. ನೀರಿನ ಕೊಡದ ಕೆಳಗೆ ತಲೆಯ ಮೇಲಿಡುತ್ತಿದ್ದ ಬಟ್ಟೆಯ ಸಿಂಬಿಯ ಆಕಾರವೇ ಅದು. ದಪ್ಪ ತಂತಿಯನ್ನು ಬಳೆಯಂತೆ ಬಗ್ಗಿಸಿ, ಒಂದು ಅಂಗುಲ ಅಗಲ, ಆರು ಅಂಗುಲ ಉದ್ದದ ಚೂರುಗಳನ್ನು ಅದರ ಸುತ್ತ ಒತ್ತೊತ್ತಾಗಿ ಗಂಟುಹಾಕುತ್ತ ಹೋದರೆ ಹೂಮಾಲೆಯಂತಹ ಚಕ್ರವಾಗುತ್ತದೆ. ಸೂಜಿಯೇ ಬೇಡ. ಐದು ವರ್ಷದ ಮಗುವೂ ಗಂಟು ಹಾಕಬಲ್ಲದು. ನೆರೆಯವರ ಹಬ್ಬಕ್ಕೆ ಇಂತಹುದೊಂದನ್ನು ಮಾಡಿ ಕೊಡುವ ಕನ್ನಡದ ಮನೆ ತನ್ನ ಹಬ್ಬಕ್ಕೂ ನೆರೆಯನ್ನು ಗಳಿಸಿಕೊಳ್ಳುತ್ತದೆ.

ಆದರೆ ಯಾರ ಬಟ್ಟೆ, ಯಾರ ಕೈ ಎಂಬುದೇ ಈ ವಿಚಾರದ ತಿರುಳು. ಮಗುವಿಗೆ ಚಿಕ್ಕದಾದ ಅಂಗಿ, ಊರಿನಿಂದ ಬರುವಾಗ ತಾಯಿ ಉಟ್ಟಿದ್ದ ಸೀರೆಯ ಸೆರಗು, ತಂದೆಯ ಸವೆದ ಪಂಚೆಯ ಅಂಚು ಇವೆಲ್ಲ ಒಂದೊಂದು ಎಲೆಯಾಗಲಿ. ಈ ಹಸಿರು ಯಾರದು, ಈ ಕೆಂಪು ಯಾವ ಮದುವೆಯದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಕನ್ನಡದಲ್ಲಿ ಹೇಳಬೇಕಾಗುತ್ತದೆ. ಶಾಲೆಯಲ್ಲಿ ತಮಿಳು, ಇಂಗ್ಲಿಷುಗಳನ್ನು ಕಲಿಯುವ ನಮ್ಮ ಮಕ್ಕಳಿಗೆ ಸೋದರತ್ತೆ, ಚಿಕ್ಕಪ್ಪ, ಬೀಗರು ಎಂಬ ಮಾತುಗಳು ಉಪದೇಶದಿಂದ ಬರುವುದಿಲ್ಲ. ಒಂದು ಸಂಜೆ ಚೂರುಗಳನ್ನು ಆರಿಸುತ್ತ ಕುಳಿತರೆ ತಾನಾಗಿ ಬರುತ್ತವೆ. ಮನೆ ಬದಲಾಯಿಸುವಾಗ ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ಆ ನೆನಪುಗಳೂ ಜೊತೆಗೆ ಬರುತ್ತವೆ. ಈ ಕೆಲಸವೆಲ್ಲ ಹೆಂಗಸರದೇ ಎಂದು ಕೈಕಟ್ಟಿ ಕೂರುವ ಗುಮಾಸ್ತ ಮಹನೀಯರಿಗೆ ಒಂದು ಮಾತು: ಯಂತ್ರದ ಮುಂದೆ ಕುಳಿತಿರುವ ದರ್ಜಿಯೂ ಗಂಡಸೇ.

ಮನೆಯೇ ಇಲ್ಲದೆ ಹೋಟೆಲಿನ ಮಹಡಿಯ ಕೊಠಡಿಗಳಲ್ಲಿ ಮಲಗುವ ಅಡಿಗೆಯವರು, ಸಪ್ಲೈಯರುಗಳು, ಕ್ಲೀನರುಗಳ ಮಾತೇನು? ಊರೆಲ್ಲ ಹಬ್ಬ ಮಾಡುವ ದಿನ ಅವರಿಗೆ ದುಪ್ಪಟ್ಟು ಕೆಲಸ. ತಮಿಳುನಾಡಿನಲ್ಲಿ ನರಕಚತುರ್ದಶಿಯೇ ದೀಪಾವಳಿ. ನಮ್ಮವರು ಬಲೀಂದ್ರನನ್ನು ಕರೆಯುವ ಪಾಡ್ಯದ ದಿನ ಇಲ್ಲಿ ಎಂದಿನಂತೆ ಇಡ್ಲಿ ಬೇಯಬೇಕು. 1954ರಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ತೆರೆದ ದಾಸಪ್ರಕಾಶ ಹೋಟೆಲು ಇಂದು ಅಲ್ಲಿಲ್ಲ. ಆದರೂ ಉಡುಪಿ ಎಂಬ ಹೆಸರು ಈ ನಗರದಲ್ಲಿ ಇನ್ನೂ ಗೌರವದ ಹೆಸರೇ. ಆ ಗೌರವವನ್ನು ಗಳಿಸಿಕೊಟ್ಟದ್ದು ಮಾಲಿಕರ ಬುದ್ಧಿಯಷ್ಟೇ ಅಲ್ಲ, ನಸುಕಿನಲ್ಲಿ ಎದ್ದು ಒಲೆ ಹಚ್ಚಿದವರ ಬೆವರೂ ಹೌದು. ಮದರಾಸು ರಾಜ್ಯದ ಶಾಸನಸಭೆ 1958ರಲ್ಲಿಯೇ ಹೋಟೆಲು ಕೆಲಸಗಾರರಿಗಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿ ವಾರದ ರಜೆಯನ್ನು ಕೊಡಿಸಿತು. ಆದರೆ ಹಬ್ಬದ ಸಂತೋಷವನ್ನು ಯಾವ ಕಾಯಿದೆಯೂ ಕೊಡಿಸಲಾರದು. ಅದನ್ನು ಕೊಡಬಲ್ಲವರು ಯಜಮಾನರು.

ಆದುದರಿಂದ ಹೋಟೆಲು ಮಾಲಿಕರಲ್ಲಿ ನಮ್ಮ ಬಿನ್ನಹವಿದು. ಹಬ್ಬಕ್ಕೆ ಮುಂಚಿನ ವಾರದಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಆರಂಭವಾಗುವುದರೊಳಗೆ ಒಂದು ಗಂಟೆಯನ್ನು ಕೆಲಸಗಾರರಿಗೆ ಬಿಟ್ಟುಕೊಡಿರಿ. ಹರಿದ ಮೇಜುಬಟ್ಟೆ, ಹಳೆಯ ಸಮವಸ್ತ್ರಗಳನ್ನು ಒಗೆಸಿ ಅವರ ಮುಂದಿಡಿರಿ. ಅವರು ಹೊಲಿದ ತೋರಣವನ್ನು ಗಲ್ಲಾದ ಮುಂದಿನ ಮಹಾದ್ವಾರಕ್ಕೆ ಕಟ್ಟಿಸಿರಿ. ಅವರು ಮಲಗುವ ಕೊಠಡಿಯ ಬಾಗಿಲಿಗೂ ಇನ್ನೊಂದಿರಲಿ. ಗಿರಾಕಿಗಳು ಮೆಚ್ಚುವರು, ಅದಕ್ಕಿಂತ ಮುಖ್ಯವಾಗಿ, ಸಾವಿರ ಜನರಿಗೆ ಹಬ್ಬದೂಟ ಬಡಿಸುವವನಿಗೆ ತಾನೂ ಹಬ್ಬದೊಳಗಿನವನೆಂಬ ಭಾವನೆ ಉಂಟಾಗುವುದು.

ವಾಚಕ ಬಾಂಧವರಲ್ಲಿಯೂ ಒಂದು ಪ್ರಾರ್ಥನೆ. ಈ ಸಲ ಹೊಸ ಬಟ್ಟೆಗೆ ಅಳತೆ ಕೊಡಲು ಹೋದಾಗ, ಕತ್ತರಿಸಿ ಉಳಿದ ಚೂರುಗಳನ್ನು ಎತ್ತಿಡುವಂತೆ ದರ್ಜಿಗೆ ಹೇಳಿರಿ. ಅವು ನೀವು ಹಣ ಕೊಟ್ಟು ಕೊಂಡ ಬಟ್ಟೆಯ ಭಾಗವೇ. ಕೇಳಲು ಸಂಕೋಚ ಬೇಡ. ಬಾಡಿಗೆಯ ಮನೆಯಲ್ಲಿ ಗೋಡೆ ನಮ್ಮದಲ್ಲ, ಕದ ನಮ್ಮದಲ್ಲ. ನಾವು ಹೊಲಿದ ತೋರಣವಾದರೂ ನಮ್ಮದಾಗಿರಲಿ.