ಜ್ವರ ಇಳಿದ ದಿನವೇ ಹೆಚ್ಚಿನ ಎಚ್ಚರ ಬೇಕು

ಮಳೆಗಾಲ ಹಿಂದೆ ಸರಿದು ದುರ್ಗಾಪೂಜೆಯ ಪೆಂಡಾಲುಗಳು ಏಳುವ ಹೊತ್ತಿಗೆ ಕೋಲ್ಕತ್ತದಲ್ಲಿ ಡೆಂಗ್ಯೂ ಕೂಡ ತಲೆಯೆತ್ತುತ್ತದೆ. 2012, 2017, 2022 ಮತ್ತು 2023ರಲ್ಲಿ ಪಶ್ಚಿಮ ಬಂಗಾಳ ಅದರ ಹಾವಳಿಯನ್ನು ಕಂಡಿದೆ. ಜೋಕಾ, ಠಾಕುರ್‌ಪುಕುರ್, ಬೆಹಾಲಾ ಭಾಗದಲ್ಲಿ ನೆಲೆಸಿರುವ ಕನ್ನಡಿಗರು, ಅದರಲ್ಲೂ ಚಿಕ್ಕ ಮಕ್ಕಳಿರುವ ಮನೆಯವರು, ಈ ಬಗ್ಗೆ ಗಂಭೀರವಾಗಿ ಯೋಚಿಸಬೇಕಾಗಿದೆ.

ಈ ನಗರಕ್ಕೂ ಡೆಂಗ್ಯೂಗೂ ಹಳೆಯ ನಂಟು. 1944ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಈ ವೈರಸ್ ಪತ್ತೆಯಾದದ್ದು ಇಲ್ಲಿದ್ದ ಅಮೆರಿಕನ್ ಸೈನಿಕರ ರಕ್ತದಲ್ಲಿ. 1963ರಲ್ಲಿ ರಕ್ತಸ್ರಾವದ ಡೆಂಗ್ಯೂ ದೇಶದಲ್ಲಿ ಮೊದಲು ದೊಡ್ಡದಾಗಿ ಹಬ್ಬಿದ್ದೂ ಇಲ್ಲಿಯೇ. ಅದಕ್ಕೆ ಆರು ವರ್ಷ ಮೊದಲು, 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತು. ಎರಡೂ ಒಂದೇ ಕುಲದ ವೈರಸ್‌ಗಳು. ಅದನ್ನು ಹರಡುವುದು ಕಾಡಿನ ಉಣುಗು. ಇದನ್ನು ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ನಮ್ಮ ಮನೆಯ ಅಂಗಳದಲ್ಲೇ.

ಜೋಕಾದಲ್ಲಿ ಹಳೆಯ ಕೆರೆಗಳೂ ಇವೆ, ಹೊಸ ಕಟ್ಟಡಗಳೂ ಏಳುತ್ತಿವೆ. 2022ರ ಡಿಸೆಂಬರ್‌ನಲ್ಲಿ ಮೆಟ್ರೋ ಉದ್ಘಾಟನೆಯಾಗಿದೆ. ಸೊಳ್ಳೆಗೆ ಕೆರೆಯೇ ಕಾರಣ ಎಂದು ದೂರುವವರು ಮೀನಿರುವ ಕೆರೆಗಿಂತ ಹೂಕುಂಡದ ತಟ್ಟೆ, ಮುಚ್ಚದ ಡ್ರಮ್, ಕೂಲರ್, ಕಟ್ಟಡದ ತೊಟ್ಟಿಗಳೇ ಈಡಿಸ್‌ಗೆ ಪ್ರಿಯ ಎಂಬುದನ್ನು ಮರೆಯಬಾರದು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಡೆಂಗ್ಯೂ ವೈರಸ್‌ನಲ್ಲಿ 4 ಬಗೆ. ಒಮ್ಮೆ ಬಂದು ಹೋಯಿತೆಂದು ನಿಶ್ಚಿಂತರಾಗುವಂತಿಲ್ಲ; ಎರಡನೆಯ ಸಲ ಬೇರೆ ಬಗೆ ತಗುಲಿದರೆ ಕಾಯಿಲೆ ಉಗ್ರವಾಗುವ ಸಂಭವ ಹೆಚ್ಚು. ತಾಯಿಗೆ ಹಿಂದೆ ಡೆಂಗ್ಯೂ ಬಂದಿದ್ದರೆ ವರ್ಷ ತುಂಬದ ಕೂಸಿಗೂ ಈ ಅಪಾಯವುಂಟು.

ಹೆತ್ತವರು ಮೋಸಹೋಗುವುದು ಜ್ವರ ಇಳಿದಾಗ. ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಮೈ ತಣ್ಣಗಾಗುತ್ತದೆ. ಮಗು ಚೇತರಿಸಿಕೊಂಡಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು ಅದೇ ಹೊತ್ತಿನಲ್ಲಿ. ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು-ವಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ಮಂಕು, ಮೂತ್ರ ಕಡಿಮೆಯಾಗುವುದು - ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಎಣಿಸುತ್ತಾ, ಪಪ್ಪಾಯಿ ಎಲೆಯ ರಸ ಕುಡಿಸುತ್ತಾ ಕುಳಿತರೆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೇನ್ ಕೂಡದು.

ನಮ್ಮವರಿಗೆ ಇನ್ನೊಂದು ಕಷ್ಟವಿದೆ. ದಸರಾ ರಜೆಗೆ ಊರಿಗೆ ಹೋಗುವ ಟಿಕೆಟ್ ತಿಂಗಳ ಮೊದಲೇ ಕಾದಿರಿಸಿರುತ್ತೇವೆ. ಮಗುವಿಗೆ ಎರಡು ದಿನ ಜ್ವರ ಬಂದರೂ 'ಊರಲ್ಲಿ ನಮ್ಮ ಡಾಕ್ಟರಿದ್ದಾರೆ' ಎಂದು ರೈಲು ಹತ್ತುತ್ತೇವೆ. ಹೌರಾದಿಂದ ಬೆಂಗಳೂರಿಗೆ ಒಂದು ಹಗಲು, ಒಂದು ರಾತ್ರಿಗೂ ಮಿಕ್ಕಿದ ದಾರಿ. ಅಪಾಯದ ಗಳಿಗೆ ರೈಲಿನಲ್ಲೇ ಬಂದರೆ ಯಾರು ದಿಕ್ಕು? ಟಿಕೆಟ್ ಹೋದರೆ ಹೋಗಲಿ, ಜ್ವರದ ಮಗುವನ್ನು ವೈದ್ಯರ ಒಪ್ಪಿಗೆಯಿಲ್ಲದೆ ಪ್ರಯಾಣಕ್ಕೆ ಹೊರಡಿಸಬಾರದು. ಊರಿಗೆ ಹೋಗುವವರು ಮನೆಗೆ ಬೀಗ ಹಾಕುವ ಮುನ್ನ ನಿಂತ ನೀರನ್ನೆಲ್ಲ ಚೆಲ್ಲಿಹೋಗುವುದು ನೆರೆಯವರ ಮಕ್ಕಳಿಗೆ ಮಾಡುವ ಉಪಕಾರ.

ರಾಜ್ಯೋತ್ಸವ, ಯುಗಾದಿ ಎಂದು ಒಂದೆಡೆ ಸೇರುವ ನಾವು ಜ್ವರದ ಕಾಲದಲ್ಲೂ ಒಬ್ಬರಿಗೊಬ್ಬರು ಒದಗಬೇಕು. ಹೊಸದಾಗಿ ಬಂದ, ಬಂಗಾಳಿ ಬಾರದ ಸಂಸಾರಕ್ಕೆ ಅರ್ಧರಾತ್ರಿ ಆಸ್ಪತ್ರೆಗೆ ಜೊತೆಯಾಗುವ ಒಬ್ಬ ಹಳಬರ ಫೋನ್ ನಂಬರ್ ಗೊತ್ತಿದ್ದರೆ ಅದೇ ದೊಡ್ಡ ಆಸರೆ. ಈ ಪುಟ್ಟ ಏರ್ಪಾಡಿಗೆ ಹಣ ಬೇಕಿಲ್ಲ, ಮನಸ್ಸು ಬೇಕು. ನಮ್ಮವರು ಪೂಜೆಯ ಮೊದಲೇ ಇದನ್ನು ಕೈಗೆತ್ತಿಕೊಳ್ಳಲಿ.